ಯಶವಂತನಗರದ ಸಾರಂಗ

ಗೆಳೆಯ ಶರಣಪ್ಪ,

ಕಂಪ್ಲಿಯ ನಿನ್ನ ಅಕ್ಕಿ ಮಿಲ್ಲಿನ ಮೇಲಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೆಳಗೆ ಮಿಲ್ಲು ಓಡುತ್ತಿದೆ, ಮೇಜು ಸಣ್ಣಗೆ ನಡುಗುತ್ತಿದೆ. ಅಕ್ಷರ ಸೊಟ್ಟಗಾದರೆ ಅದು ನನ್ನ ವಯಸ್ಸಿನ ತಪ್ಪಲ್ಲ. ನೀನು ಹೋದ ಮೇಲೆ ಈ ಮೆಟ್ಟಿಲು ಹತ್ತಲು ನನಗೆ ಬಹಳ ದಿನ ಮನಸ್ಸೇ ಬರಲಿಲ್ಲ. ಈಗ ಮತ್ತೆ ಹೊಸಪೇಟೆಯಿಂದ ಬಸ್ಸು ಹತ್ತಿ ಬರುತ್ತಿದ್ದೇನೆ. ಹೋಗುವ ಮುಂಚೆ ನನಗೊಂದು ಕೆಲಸ ಹೇಳಿದ್ದೆಯಲ್ಲ, ಅದು ಆಯಿತು. ಆದರೆ ಆಯಿತು ಅಂತ ಒಂದೇ ಸಾಲು ಬರೆದರೆ ನಿನಗೆ ಸಮಾಧಾನವಾದೀತೆ? ಊರಿಂದ ಬಂದವರಿಗೆ ಬಸ್ಸಿನಲ್ಲಿ ಪಕ್ಕ ಯಾರು ಕೂತಿದ್ದರು ಎನ್ನುವಲ್ಲಿಂದ ಹೇಳಿಸುತ್ತಿದ್ದವನು ನೀನು.

ನಾವು ಮೊದಲು ಎದುರಾದದ್ದು ಸಂಡೂರಿನಲ್ಲಿ, ಮುಚ್ಚಿಹೋದ ಒಂದು ಗಣಿ ಕಚೇರಿಯ ಗುಜರಿ ಹರಾಜಿನಲ್ಲಿ. ಮುರಿದ ಕುರ್ಚಿ, ತುಕ್ಕು ಹಿಡಿದ ಬೀರುಗಳ ನಡುವೆ ಅದಿರಿನ ಕೆಂಪು ಧೂಳು ಮೆತ್ತಿದ ಹಳೆಯ ಕಂಪ್ಯೂಟರೊಂದಿತ್ತು. ನಾನು ಟೆಲಿಫೋನ್ ಇಲಾಖೆಯಿಂದ ಆಗಷ್ಟೇ ನಿವೃತ್ತನಾಗಿದ್ದೆ. ಅದನ್ನು ಬಿಚ್ಚಿ ನೋಡುವ ಆಸೆ. ವಿಭೂತಿ ಹಚ್ಚಿದ ನೀನು, ಕಂಕುಳಲ್ಲಿ ಛತ್ರಿ ಸಿಕ್ಕಿಸಿಕೊಂಡು, ನಾನು ಕೂಗಿದ್ದಕ್ಕೆಲ್ಲ ಮೇಲೆ ಕೂಗುತ್ತಲೇ ಹೋದೆ. ಅಕ್ಕಿ ಮಿಲ್ಲಿನವನಿಗೆ ಇದೇಕೆ ಎಂದು ನನಗೆ ಒಳಗೊಳಗೇ ಸಿಟ್ಟು. ಹರಾಜು ಮುಗಿದ ಮೇಲೆ ನೀನೇ ಹುಡುಕಿಕೊಂಡು ಬಂದೆ. “ರೀ, ಇದನ್ನ ಚಾಲೂ ಮಾಡಾಕ ನಿಮಗ ಬರ್ತೈತೇನ್ರಿ? ನನಗ ಬರೂದಿಲ್ಲ” ಅಂದೆ. ಗೆದ್ದವನು ಬಂದು ಹೀಗೆ ಕೇಳಿದರೆ ಸಿಟ್ಟು ಎಷ್ಟು ಹೊತ್ತು ನಿಂತೀತು?

ವಾಪಸು ಬರುವಾಗ ನಿನ್ನ ಜೀಪಿನಲ್ಲಿ ನೀನು ಹೇಳಿದ ಮಾತನ್ನು ನಾನು ಮರೆತಿಲ್ಲ. ಹುಡುಗನಾಗಿದ್ದಾಗ ಗಣಿಯ ಕ್ಯಾಂಟೀನಿಗೆ ಅಕ್ಕಿ ಮೂಟೆ ಇಳಿಸಲು ಅಪ್ಪನ ಜೊತೆ ಸಂಡೂರಿಗೆ ಹೋಗುತ್ತಿದ್ದೆಯಂತೆ. ಅಲ್ಲಿ ಗಾಜಿನ ಕೋಣೆಯೊಳಗೆ ಮೊದಲ ಸಲ ಕಂಪ್ಯೂಟರ್ ನೋಡಿದ್ದು. ಚಪ್ಪಲಿ ಬಿಟ್ಟು ಬಾಗಿಲ ತನಕ ಹೋದವನನ್ನು ಒಳಗಿದ್ದವರು ಕೈಸನ್ನೆ ಮಾಡಿ ದೂರ ನಿಲ್ಲಿಸಿದರು. ಬೈಯಲಿಲ್ಲ, ಹೊಡೆಯಲಿಲ್ಲ, ಸುಮ್ಮನೆ ಆಚೆ ನಿಲ್ಲು ಅಂದರು. ಅಷ್ಟೇ. ಆಮೇಲೆ ಮಿಲ್ಲು ನಿನ್ನ ಕೈಗೆ ಬಂತು, ಮದುವೆಯಾಯಿತು, ಮಕ್ಕಳಾದವು, ಆದರೂ ಆ ಗಾಜಿನ ಕೋಣೆ ನಿನ್ನ ತಲೆಯಿಂದ ಹೋಗಲಿಲ್ಲ. ಅದಕ್ಕೇ ಕೊಳ್ಳುತ್ತೀಯಾ ಅಂತ ನಾನು ಕೇಳಿದ್ದಕ್ಕೆ ನೀನು ನಕ್ಕುಬಿಟ್ಟೆ.

ಆಮೇಲೆ ಶುರುವಾಯಿತಲ್ಲ ನಮ್ಮ ತಿರುಗಾಟ! ಸಕ್ಕರೆ ಕಾರ್ಖಾನೆ, ಸಹಕಾರ ಸಂಘ, ಮುಚ್ಚಿದ ಟೈಪಿಂಗ್ ಶಾಲೆ. ಎಲ್ಲಿ ಹರಾಜು ಅಂದರೂ ನೀನು ಮುಂದೆ, ಲೆನ್ಸು ಹಿಡಿದು ನಾನು ಹಿಂದೆ. ನಿನಗೆ ಕಂಡದ್ದೆಲ್ಲ ಅಪರೂಪದ್ದು, ನನಗೆ ಕಂಡದ್ದೆಲ್ಲ ಅನುಮಾನದ್ದು. ಕಂಪ್ಯೂಟರ್ ಬೋರ್ಡಿನ ಚಿಪ್ಪಿನ ಬೆನ್ನ ಮೇಲೆ ಅದು ತಯಾರಾದ ವರ್ಷ, ವಾರ ಅಚ್ಚಾಗಿರುತ್ತದೆ ಎಂದು ನಿನಗೆ ತೋರಿಸಿಕೊಟ್ಟದ್ದು ನಾನು. ಬೆಸುಗೆ ಹಳೆಯದಾದರೆ ಹೊಳಪು ಹೇಗೆ ಸಾಯುತ್ತದೆ, ಒಮ್ಮೆಯೂ ಬಿಚ್ಚದ ಸ್ಕ್ರೂವಿನ ತಲೆ ಹೇಗಿರುತ್ತದೆ, ಎಲ್ಲ ಹೇಳಿದೆ. ನೀನು ಕಲಿತೆ, ಆದರೆ ಹರಾಜಿನಲ್ಲಿ ಕೈ ಎತ್ತುವಾಗ ಮಾತ್ರ ಕಲಿತದ್ದೆಲ್ಲ ಮರೆಯುತ್ತಿದ್ದೆ. ನಿನ್ನ ಹೆಂಡತಿ ನೀಲಮ್ಮ, ನನ್ನ ಪಾಲಿಗೆ ಅತ್ತಿಗೆಯಂಥ ವೈನಿ, ತೌಡಿನ ಪುಡಿ ಕೂರದ ಹಾಗೆ ಒಂದೊಂದು ಯಂತ್ರಕ್ಕೂ ಹಳೆಯ ಸೀರೆ ಹೊದಿಸುತ್ತಾ, ಇವಕ್ಕೆ ಉಡಿಸಿದಷ್ಟು ಸೀರೆ ನನಗೂ ಉಡಿಸಿಲ್ಲ ಎಂದು ನಗುತ್ತಿದ್ದರು.

ಒಮ್ಮೆ ಹಂಪಿಯಲ್ಲಿ ಒಂದು ಮಂಟಪದ ನೆರಳಿಗೆ ಕೂತಿದ್ದಾಗ ನೀನು ಒಂದು ಕಂಬ ತೋರಿಸಿದೆ. ಸುತ್ತ ಎಲ್ಲ ಕೆತ್ತನೆಯ ಕಂಬಗಳು, ನಡುವೆ ಅದೊಂದು ಬೋಳು. ಹಳೆಯದು ಮುರಿದಿತ್ತು, ಚಾವಣಿ ಬೀಳಬಾರದೆಂದು ಹೊಸದು ನಿಲ್ಲಿಸಿದ್ದಾರೆ, ಕೆತ್ತನೆ ಮಾಡದೆ ಹಾಗೇ ಬಿಟ್ಟಿದ್ದಾರೆ, ಯಾರೂ ಅದನ್ನು ಹಳೆಯದೆಂದು ತಿಳಿಯಬಾರದಲ್ಲ, ಅಂದೆ. ಆವತ್ತಿನಿಂದ ನಮ್ಮ ಯಂತ್ರಗಳಲ್ಲಿ ಹೊಸದಾಗಿ ಹಾಕಿದ ಪ್ರತಿ ತಂತಿಯೂ ಕೆಂಪು ಬಣ್ಣದ್ದೇ ಇರಬೇಕು ಎಂದು ಹಟ ಹಿಡಿದೆ. ಯಾರು ಮುಚ್ಚಳ ತೆಗೆದರೂ ಯಾವುದು ಹಳೆಯದು, ಯಾವುದು ನಮ್ಮದು ಅಂತ ಕಾಣಬೇಕು. ಹರಾಜಿನವರ ನಡುವೆ ನಿನಗೆ ಹೆಸರು ಬಂದದ್ದು ಅದರಿಂದಲೇ. ಕಂಪ್ಲಿಯ ಶರಣಪ್ಪನ ಕೋಣೆಯಿಂದ ಬಂದದ್ದು ಅಂದರೆ ಜನ ಮುಚ್ಚಳ ತೆಗೆಯದೆಯೂ ನಂಬುತ್ತಿದ್ದರು.

ಸಾರಂಗ ಕಂಪ್ಯೂಟರನ್ನು ನೀನು ಕೊಂಡ ಮಧ್ಯಾಹ್ನ ನಾನು ಪಕ್ಕದಲ್ಲೇ ಇದ್ದೆ. ಹೊಸಪೇಟೆಯ ಆಸ್ಪತ್ರೆ, ನಿನ್ನ ಡಯಾಲಿಸಿಸ್ ದಿನ. ಎಡಗೈಗೆ ಸೂಜಿ, ಬಲಗೈಯಲ್ಲಿ ಮೊಬೈಲು. ಮುಂಬಯಿಯ ಒಂದು ಹರಾಜು ಸಂಸ್ಥೆ ಆನ್‌ಲೈನಿನಲ್ಲಿ ಮಾರುತ್ತಿತ್ತು. ಬೆಂಗಳೂರಿನ ಚಿಕ್ಕ ಕಾರ್ಖಾನೆಯೊಂದು ಸಾರಂಗ ಎಂಬ ಹೆಸರಿನಲ್ಲಿ ಕೆಲವೇ ಕಂಪ್ಯೂಟರುಗಳನ್ನು ಮಾಡಿ ಬಾಗಿಲು ಹಾಕಿತ್ತು. ಅದರದ್ದೊಂದು ಉಳಿದಿದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ವಿವರಣೆಯಲ್ಲಿ ಸಂಡೂರಿನ ಗಣಿ ಪ್ರದೇಶದಲ್ಲಿ ದೊರೆತದ್ದು ಅಂತ ಬರೆದಿದ್ದರು. ಅದನ್ನು ಓದಿದ ಮೇಲೆ ನಿನ್ನನ್ನು ಹಿಡಿಯುವವರು ಯಾರು? ನರ್ಸು ಬಂದು, “ಅಜ್ಜಾರ, ಬಿ.ಪಿ. ಏರಾಕತ್ತೈತ್ರಿ, ಫೋನ್ ಇಡ್ರಿ” ಅಂದಳು. ನೀನು ಇಡಲಿಲ್ಲ. ಕೊನೆಗೆ ನಿನ್ನದಾಯಿತು ಅಂತ ಪರದೆಯ ಮೇಲೆ ಬಂದಾಗ ಆ ವಾರ್ಡಿನಲ್ಲಿ ಮಲಗಿದವರಿಗೆಲ್ಲ ಕೇಳುವ ಹಾಗೆ, “ನಮ್ಮೂರಿಂದು ನಮ್ಮೂರಿಗೆ ಬಂತು” ಅಂದೆ. ಅಷ್ಟು ತಿಂಗಳ ಕಾಯಿಲೆಯಲ್ಲಿ ನಿನ್ನ ಮುಖ ಹಾಗೆ ಆದದ್ದನ್ನು ನಾನು ನೋಡಿರಲಿಲ್ಲ.

ಪೆಟ್ಟಿಗೆ ಬಂದ ದಿನ ನೀನು ಎದುರು ಕೂತಿದ್ದೆ, ನಾನು ಮುಚ್ಚಳ ಬಿಚ್ಚಿದೆ. ಮೇಲಿನ ಕವಚ ಅಸಲಿಯೇ, ಅದರಲ್ಲಿ ಅನುಮಾನವಿರಲಿಲ್ಲ. ಒಳಗಿನ ಬೋರ್ಡು ನೋಡಿದ ಕೂಡಲೇ ನನ್ನ ಕೈ ನಿಧಾನವಾಯಿತು. ಒಂದೆರಡು ಚಿಪ್ಪು ಹೊಸದಿದ್ದರೆ ಯಾರೋ ರಿಪೇರಿ ಮಾಡಿದ್ದಾರೆ ಅನ್ನಬಹುದು. ಇಲ್ಲಿ ಎಲ್ಲವೂ ಆ ಕಾರ್ಖಾನೆ ಮುಚ್ಚಿದ ಮೇಲೆ ತಯಾರಾದವು. ತಾಮ್ರದ ಗೆರೆಗಳು ಯಂತ್ರ ಎಳೆದ ಹಾಗೆ ಒಂದೇ ಸಮ ಇರಲಿಲ್ಲ, ಕೈಯಲ್ಲಿ ಬರೆದಂತೆ ಎಲ್ಲೋ ದಪ್ಪ, ಎಲ್ಲೋ ಸಣ್ಣ. ಹತ್ತಿಗೆ ಸ್ಪಿರಿಟ್ ಹಚ್ಚಿ ಮೂಲೆಯಲ್ಲಿ ಒರೆಸಿದರೆ ಹಸಿರು ಬಣ್ಣ ಹತ್ತಿಗೆ ಬಂತು. ಕಾರ್ಖಾನೆಯ ಬೋರ್ಡಿನ ಹಸಿರು ಹೀಗೆ ಬರುವುದಿಲ್ಲ. ಬೋರ್ಡಿನ ಅಡಿಯಲ್ಲಿ ಒಂದು ಕಡೆ ಏನನ್ನೋ ಉಜ್ಜಿ ತೆಗೆದು, ಮೇಲೆ ಅದೇ ಬಣ್ಣ ಬಳಿದಿದ್ದರು.

ನಿನಗೆ ಹೇಳಲೋ ಬೇಡವೋ ಅಂತ ನಾನು ಒಂದು ಗಳಿಗೆ ತಡೆದದ್ದು ನಿಜ. ಆ ಸ್ಥಿತಿಯಲ್ಲಿ ನಿನ್ನ ಸಂತೋಷ ಕಿತ್ತುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ನೀನು ನನ್ನ ಮುಖ ನೋಡುತ್ತಿದ್ದೆ. ಅಷ್ಟು ವರ್ಷ ನೋಡಿದ ಮುಖ. “ಶರಣ, ಇದು ಆ ಕಾರ್ಖಾನ್ಯಾಗ ಆದದ್ದಲ್ಲೋ” ಅಂದೆ. ಇನ್ನೊಮ್ಮೆ ನೋಡು ಅಂದೆ ನೀನು. ನೋಡಿದೆ. ಅದನ್ನೇ ಹೇಳಿದೆ. ನೀನು ಸಿಟ್ಟಾಗಲಿಲ್ಲ. ಎದ್ದು, ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದೆ. ನಾನು ಹಿಂದಿನಿಂದ ನೋಡುತ್ತಾ ನಿಂತೆ.

ಮುಂದಿನ ಕೆಲವು ಭೇಟಿಗಳಲ್ಲಿ ನಾವು ಸಾರಂಗದ ಸುದ್ದಿ ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ನಾನು ಪೇಪರು ಓದಿ ಹೇಳುತ್ತಿದ್ದೆ, ನೀನು ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ಒಂದು ದಿನ ಕಣ್ಣು ಮುಚ್ಚಿಕೊಂಡೇ, ಆ ಉಜ್ಜಿದ ಜಾಗದಲ್ಲಿ ಏನಿತ್ತು ಅಂತ ಕೇಳಿದೆ. ಬಣ್ಣ ಪೂರ್ತಿ ತೆಗೆದು, ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿದ್ದೆ, ತಾಮ್ರದಲ್ಲಿ ಅಕ್ಷರಗಳ ಗುರುತಿತ್ತು ಅಂದೆ ನಾನು. ‘ಮಕ್ಕಳಿ’ ಅನ್ನುವಷ್ಟು ಓದಲು ಬರುತ್ತದೆ, ಉಳಿದದ್ದು ಹೋಗಿದೆ ಅಂದೆ. ಕನ್ನಡದಲ್ಲಾ ಅಂತ ನೀನು ಕೇಳಿದೆ. ಹೌದು ಅಂದೆ ನಾನು. ಆಗ ನೀನು ಕಣ್ಣು ತೆರೆದೆ.

“ಮೋಸ ಮಾಡಾಂವ ಮಕ್ಕಳು ಅಂತ ಯಾಕ ಬರೀತಾನೋ ಅನಂತಾ? ಮಾಡಿದಾಂವ ಬ್ಯಾರೆ, ಅಳಿಸಿದಾಂವ ಬ್ಯಾರೆ. ಅಳಿಸಿದಾಂವ ಹಾಳಾಗಿ ಹೋಗ್ಲಿ. ಮಾಡಿದಾಂವನ್ನ ಹುಡುಕು.”

ಲೆನ್ಸು ಹಿಡಿದು ಕೂತ ನನಗೆ ಇದು ಹೊಳೆದಿರಲಿಲ್ಲ, ಶರಣ. ನಾನು ನಕಲು ಅಂತ ತೀರ್ಮಾನ ಮಾಡಿ ಮುಚ್ಚಳ ಹಾಕಿದ್ದೆ. ನಕಲಿಗೂ ಒಬ್ಬ ಮಾಡಿದವನಿರುತ್ತಾನೆ ಅಂತ ಯೋಚಿಸಿದವನು ನೀನು. ಹುಡುಕೋಣ, ನೀನು ಸ್ವಲ್ಪ ಸುಧಾರಿಸಿಕೋ, ಇಬ್ಬರೂ ಸಂಡೂರಿಗೆ ಹೋಗೋಣ ಅಂದೆ. ನೀನು ತಲೆ ಆಡಿಸಿದೆ. ಆದರೆ ಆ ವಾರ ಮುಗಿಯುವುದರೊಳಗೆ ಒಂದು ಬೆಳಿಗ್ಗೆ ನಿನ್ನ ಮಗ ಮಂಜುನಾಥನ ಫೋನು ಬಂತು. ಕಾಲುವೆ ಪಕ್ಕದ ನಿಮ್ಮ ಹೊಲದಲ್ಲಿ ನಿನ್ನನ್ನು ಕೂರಿಸಿ ಮಣ್ಣು ಕೊಟ್ಟರು. ನನ್ನ ಸರದಿ ಬಂದಾಗ ಕೈಯಲ್ಲಿ ಹಿಡಿ ಮಣ್ಣಿತ್ತು, ಹಾಕಲು ಆಗಲಿಲ್ಲ. ಮಂಜುನಾಥನೇ ನನ್ನ ಕೈ ಹಿಡಿದು ಹಾಕಿಸಿದ.

ನೀನು ಹೋಗಿ ಸ್ವಲ್ಪ ದಿನಕ್ಕೆ ಪುಣೆಯಿಂದ ಒಬ್ಬ ಸಂಗ್ರಹಕಾರರು ವೈನಿಗೆ ಫೋನು ಮಾಡಿದರಂತೆ. ಸಾರಂಗ ಕೊಡಿ, ನಾವೇ ಬಂದು ಒಯ್ಯುತ್ತೇವೆ ಅಂತ. ಅದು ಅಸಲಿ ಅಲ್ಲ ಅಂತ ಮಂಜುನಾಥ ಹೇಳಿದ. ಅವರು ನಕ್ಕು, ಅದನ್ನು ಯಾರಿಗೆ ಹೇಳಬೇಕಾಗಿದೆ, ನಿಮ್ಮ ತಂದೆಯವರ ಕೋಣೆಯಿಂದ ಬಂದದ್ದು ಅಂತ ಒಂದು ಸಹಿ ಹಾಕಿ ಕೊಡಿ, ನಮಗೆ ಅಷ್ಟು ಸಾಕು ಅಂದರು. ಮಂಜುನಾಥ ಕೆಟ್ಟವನಲ್ಲ, ನಿನಗೇ ಗೊತ್ತು. ಅಕ್ಕಿಯಲ್ಲಿ ಕಲ್ಲು ಆರಿಸುವ ಹೊಸ ಯಂತ್ರ ಬರುವುದಿತ್ತು, ಅದಕ್ಕೆ ಸಂಬಂಧಪಟ್ಟ ಸಾಮಾನಿಡಲು ಮೇಲಿನ ಕೋಣೆ ಬೇಕಿತ್ತು. ಅಪ್ಪನೇ ಇಲ್ಲದ ಮೇಲೆ ಈ ಡಬ್ಬಗಳನ್ನು ಯಾರು ನೋಡುತ್ತಾರೆ ಕಾಕಾ ಅಂತ ನನ್ನನ್ನೇ ಕೇಳಿದ. ಅಷ್ಟರಲ್ಲಿ ಒಳಗಿನಿಂದ ವೈನಿ ಬಂದರು.

“ಇಪ್ಪತ್ತೂರಿನ ಮಂದಿ ನಿಮ್ಮಪ್ಪನ ಮಾತು ನಂಬ್ಯಾರ. ಆ ಹೆಸರು ಹಚ್ಚಿ ಸುಳ್ಳು ಮಾರೂದು ನನ್ನ ಕಡಿಂದ ಆಗೂದಿಲ್ಲ” ಅಂದರು ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿ, “ಅಣ್ಣಾ, ಅದನ್ನ ಮಾಡಿದವ್ರನ್ನ ಹುಡುಕ್ರಿ ಅಂತ ಹೇಳಿದ್ರಲ್ಲ ಅವ್ರು. ಯಾವಾಗ ಹೋಗೂನು?”

ಮಿಲ್ಲು, ಮನೆ, ಮಗಳ ಊರು ಬಿಟ್ಟು ವೈನಿ ಎಲ್ಲಿಗಾದರೂ ತಾವಾಗಿ ಹೊರಟದ್ದನ್ನು ನೀನು ನೋಡಿದ್ದೀಯಾ? ನಾನಂತೂ ನೋಡಿರಲಿಲ್ಲ. ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು, ಸಾರಂಗದ ಫೋಟೋಗಳನ್ನು ಚೀಲದಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಮೊದಲು ಸಂಡೂರಿನಲ್ಲಿ ಹಳೆಯ ಗಣಿ ಕಚೇರಿಗಳಲ್ಲಿ ಕೆಲಸ ಮಾಡಿದ ಒಬ್ಬಿಬ್ಬರನ್ನು ಕೇಳಿದೆವು. ಇಂಥ ಯಂತ್ರ ಯಾವ ಕಚೇರಿಯಲ್ಲೂ ಇರಲಿಲ್ಲ ಅಂದರು. ಬಸ್ ನಿಲ್ದಾಣದಲ್ಲಿ ಬುತ್ತಿ ಬಿಚ್ಚುವಾಗ ವೈನಿ, ಮಕ್ಕಳು ಅಂತ ಬರೆದದ್ದು ಕಚೇರಿಯಲ್ಲಿ ಯಾಕಿರುತ್ತದೆ, ಸಾಲಿಯಲ್ಲಿ ಕೇಳೋಣ ಅಂದರು. ಗಣಿ ಕೆಲಸಗಾರರ ಮಕ್ಕಳು ಓದುವ ಶಾಲೆ ಹತ್ತಿರದಲ್ಲಿ ಇದ್ದದ್ದು ಯಶವಂತನಗರದಲ್ಲಿ. ಲಾರಿಗಳ ಸಾಲಿನ ಹಿಂದೆ ನಮ್ಮ ಆಟೋ ತೆವಳುತ್ತಾ ಅಲ್ಲಿಗೆ ಮುಟ್ಟಿತು. ವೈನಿಯ ಬಿಳಿ ಸೆರಗು ಅಷ್ಟರಲ್ಲಿ ಕೆಂಪಾಗಿತ್ತು.

ಶಾಲೆ ಈಗ ಹೊಸ ಕಟ್ಟಡಕ್ಕೆ ಹೋಗಿದೆ. ಅಲ್ಲಿನ ಹೆಡ್‌ಮಾಸ್ತರರಿಗೆ ಏನೂ ಗೊತ್ತಿರಲಿಲ್ಲ, ಆದರೆ ಒಳ್ಳೆಯವರು, ಚಹಾ ತರಿಸಿದರು, ಹಳಬರೊಬ್ಬರಿಗೆ ಫೋನು ಹಚ್ಚಿ ಕೊಟ್ಟರು. ಅವರಿಂದ ತಿಳಿಯಿತು. ವಿಶಾಲಾಕ್ಷಿ ಟೀಚರ್ ಅಂತ ವಿಜ್ಞಾನ ಹೇಳುತ್ತಿದ್ದವರು ಒಂದು ಕಂಪ್ಯೂಟರನ್ನು ತಾವೇ ಕೂತು ಮಾಡಿದ್ದರು. ಅವರು ನಿವೃತ್ತರಾದ ಮೇಲೆ, ಕಟ್ಟಡ ಬದಲಾಯಿಸುವಾಗ, ಹಳೆಯ ಸಾಮಾನಿನ ಜೊತೆ ಅದೂ ಗುಜರಿಗೆ ಹೋಯಿತು. ಅಲ್ಲಿಂದ ಮುಂಬಯಿಯ ತನಕ ಯಾರ ಯಾರ ಕೈ ದಾಟಿತು, ಯಾರು ಉಜ್ಜಿದರು ಅನ್ನುವುದು ಗೊತ್ತಾಗಲೇ ಇಲ್ಲ. ನೀನು ಹೇಳಿದಂತೆ ನಾವೂ ಅವನನ್ನು ಹುಡುಕಲು ಹೋಗಲಿಲ್ಲ.

ಟೀಚರ್ ಮರಿಯಮ್ಮನಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದರು. ನಾವು ಹೋದಾಗ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಹೇಗೆ ಶುರು ಮಾಡಲಿ ಅಂತ ಯೋಚಿಸುವಷ್ಟರಲ್ಲಿ ವೈನಿ ಫೋಟೋ ತೆಗೆದು ಅವರ ಮುಂದೆ ಇಟ್ಟರು. ಅವರು ಕನ್ನಡಕ ಹುಡುಕಿ ತಂದು ನೋಡಿದರು. ಬೋರ್ಡಿನ ಫೋಟೋದ ಮೇಲೆ ಅವರ ಬೆರಳು ಒಂದು ಗೆರೆಯ ಗುಂಟ ಹೋಗಿ, ಒಂದು ತಿರುವಿನಲ್ಲಿ ನಿಂತಿತು.

“ಇಲ್ಲಿ ಕೈ ಅಳ್ಳಾಡಿತ್ತು” ಅಂದರು ಮೆಲ್ಲಗೆ. “ಇದು ಇನ್ನೂ ಐತೇನ್ರಿ? ನಾ ಇದು ಕರಗಿ ಹೋಗೇತಿ ಅಂತ ತಿಳ್ಕೊಂಡಿದ್ದೆ.”

ಆಮೇಲೆ ಅವರು ಹೇಳಿದ್ದು ಕೇಳು. ಹರೆಯದಲ್ಲಿ ಅವರು ಬೆಂಗಳೂರಿನ ಆ ಕಾರ್ಖಾನೆಯಲ್ಲಿ ಸಾರಂಗದ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದರಂತೆ. ಸಾಲಾಗಿ ಕೂತ ಹೆಣ್ಣುಮಕ್ಕಳು, ಒಬ್ಬೊಬ್ಬರಿಗೆ ಬೋರ್ಡಿನ ಒಂದೊಂದು ಭಾಗ. ಕಾರ್ಖಾನೆ ನಿಂತ ದಿನ ಉಳಿದ ಖಾಲಿ ಕವಚಗಳನ್ನು ಬೇಕಾದವರು ಒಯ್ಯಿರಿ ಅಂದಾಗ ಇವರೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದರು. ಅವರವ್ವ ಅದರಲ್ಲಿ ಬಹಳ ಕಾಲ ಒಣಮೆಣಸಿನಕಾಯಿ ತುಂಬಿಟ್ಟಿದ್ದರಂತೆ. ಬಿ.ಎಡ್. ಮುಗಿಸಿ ಯಶವಂತನಗರಕ್ಕೆ ಬಂದ ಮೇಲೆ, ತರಗತಿಯಲ್ಲಿ ಕಂಪ್ಯೂಟರಿನ ಪಾಠ ಬಂತು. ಪುಸ್ತಕದಲ್ಲಿ ಚಿತ್ರ ಬಿಟ್ಟರೆ ಮಕ್ಕಳಿಗೆ ತೋರಿಸಲು ಏನೂ ಇರಲಿಲ್ಲ. ರಜೆಯಲ್ಲಿ ಬೆಂಗಳೂರಿಗೆ ಹೋಗಿ ಬಿಡಿಭಾಗ ಆರಿಸಿ ತಂದು, ತಾವು ಮಾಡುತ್ತಿದ್ದ ಭಾಗವನ್ನು ನೆನಪಿನಿಂದ, ಗೆಳತಿಯರ ಭಾಗವನ್ನು ಪತ್ರ ಬರೆದು ಕೇಳಿ, ತಾಮ್ರದ ಹಾಳೆಯ ಮೇಲೆ ಗೆರೆ ಎಳೆದು, ಆಸಿಡ್ಡಿನಲ್ಲಿ ಅದ್ದಿ... ವರ್ಷಗಟ್ಟಲೆ ಹಿಡಿಯಿತು ಅಂದರು. ಅಡಿಯಲ್ಲಿ ಏನು ಬರೆದಿದ್ದಿರಿ ಅಂತ ಕೇಳಿದೆ. ‘ಯಶವಂತನಗರದ ಮಕ್ಕಳಿಗಾಗಿ, ಸಾರಂಗದ ನಕಲು, ವಿಶಾಲಾಕ್ಷಿ’ ಅಂತ ಬರೆದಿದ್ದೆ, ನೋಡಿದವರು ಅಸಲಿ ಅಂತ ತಿಳಿದಾರು ಅಂತಲೇ ಬರೆದದ್ದು ಅಂದರು.

ಆ ಮಾತು ಕೇಳಿದಾಗ ನನಗೆ ಹೇಗಾಯಿತು ಅಂತ ನಿನಗೆ ಹೇಳಬೇಕಾಗಿಲ್ಲ. ವೈನಿ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತು, ಇದನ್ನು ಉಜ್ಜಿ ಮಾರಿದ್ದಾರೆ ತಾಯಿ, ಗೊತ್ತಿಲ್ಲದೆ ಕೊಂಡವರು ನನ್ನ ಯಜಮಾನರು, ನಿಮ್ಮನ್ನು ಹುಡುಕಿಸಿದವರೂ ಅವರೇ ಅಂತ ಹೇಳಿದರು. ಟೀಚರ್ ಫೋಟೋ ಕೆಳಗಿಟ್ಟು, ನಿಮ್ಮವರು ಈಗ ಎಲ್ಲಿದ್ದಾರೆ ಅಂತ ಕೇಳಿದರು. ವೈನಿ ಹೇಳಿದರು. ಇಬ್ಬರೂ ಶೇಂಗಾದ ಬುಟ್ಟಿಯ ಮುಂದೆ ಕೈ ಹಿಡಿದುಕೊಂಡು ಕೂತಿದ್ದರು, ನಾನು ಎದ್ದು ಹೊರಗೆ ರಸ್ತೆಗೆ ಹೋಗಿ ನಿಂತೆ.

ಟೀಚರ್ ಕಂಪ್ಲಿಗೆ ಬಂದ ದಿನ ಮಂಜುನಾಥ ತಾನೇ ಕಾರು ತೆಗೆದುಕೊಂಡು ಹೋಗಿ ಕರೆತಂದ. ಸಾರಂಗಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆ ಅದರ ಜೊತೆ ಬಂದಿರಲಿಲ್ಲ, ಸುಟ್ಟೀತೆಂದು ನಾನು ಅದನ್ನು ಹಚ್ಚಲೇ ಹೋಗಿರಲಿಲ್ಲ. ಎಷ್ಟು ವೋಲ್ಟು, ಯಾವ ತಂತಿಗೆ ಅಂತ ಅವರು ಹೇಳುತ್ತಾ ಹೋದರು, ನಾನು ಜೋಡಿಸುತ್ತಾ ಹೋದೆ. ಎರಡು ಬೆಸುಗೆ ಬಿಟ್ಟಿದ್ದವು, ಹಾಕಿದೆ. ನಿನ್ನ ಕಪ್ಪು ಬಿಳುಪು ಟೀವಿಗೆ ಸೇರಿಸಿ ಸ್ವಿಚ್ ಒತ್ತಿದಾಗ ಮೊದಲು ಬರೀ ಗೆರೆಗಳು. ಟೀಚರ್ ಮುಂದೆ ಬಗ್ಗಿ ಒಂದು ಕೀಲಿ ಒತ್ತಿದರು. ಪರದೆಯ ಮೇಲೆ ‘ಅ’ ಬಂತು. ಶರಣ, ಕನ್ನಡದ ‘ಅ’! ಕಾರ್ಖಾನೆಯ ಸಾರಂಗಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಗೊತ್ತಿರಲಿಲ್ಲ. ಇವರು ಚೌಕಳಿ ಹಾಳೆಯ ಮೇಲೆ ಚುಕ್ಕೆ ಚುಕ್ಕೆ ಇಟ್ಟು ಒಂದೊಂದು ಅಕ್ಷರ ಬಿಡಿಸಿ ಅದರೊಳಗೆ ತುಂಬಿಸಿದ್ದರು, ಮಕ್ಕಳು ತಮ್ಮ ಹೆಸರು ತಾವೇ ಬರೆದು ನೋಡಲಿ ಅಂತ. ನಕಲು ಅಂತ ನಾನು ಬದಿಗಿಟ್ಟ ಯಂತ್ರದೊಳಗೆ ಅಸಲಿಯಲ್ಲಿ ಇಲ್ಲದ್ದೊಂದು ಇತ್ತು. ಮಂಜುನಾಥ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಒಳಗೆ ಬಂದು, ಅಪ್ಪನ ಹೆಸರು ಬರುತ್ತದೆಯಾ ಅಂತ ಕೇಳಿದ. ಟೀಚರ್ ಅವನನ್ನೇ ಕೂರಿಸಿ ಯಾವ ಕೀಲಿ ಅಂತ ತೋರಿಸಿದರು. ಒತ್ತಕ್ಷರ ಸ್ವಲ್ಪ ಕೆಳಗೆ ಜಾರಿತ್ತು, ಆದರೂ ಓದಲು ಬರುತ್ತಿತ್ತು. ಅವನು ಬಹಳ ಹೊತ್ತು ಏಳಲಿಲ್ಲ. ಕಲ್ಲು ಆರಿಸುವ ಯಂತ್ರದ ಸಾಮಾನು ಈಗ ಕೆಳಗೆ ಗೋದಾಮಿನಲ್ಲೇ ಇದೆ, ಮೇಲಿನ ಕೋಣೆಯ ಮಾತನ್ನು ಅವನು ಮತ್ತೆ ಎತ್ತಿಲ್ಲ.

ಮುಂಬಯಿಯವರಿಗೆ ಎಲ್ಲ ಫೋಟೋ ಹಚ್ಚಿ ಬರೆದೆ. ಮೊದಲು ಅವರು ಒಪ್ಪಲಿಲ್ಲ, ನಮ್ಮ ತಜ್ಞರು ನೋಡಿದ್ದಾರೆ ಅಂದರು. ಹಸಿರು ಬಣ್ಣ ಬಂದ ಹತ್ತಿಯ ಫೋಟೋ, ಚಿಪ್ಪುಗಳ ಬೆನ್ನಿನ ಫೋಟೋ, ಟೀಚರ್ ಕೈಬರಹದ ಗೆರೆಗಳ ಫೋಟೋ ಹೋದ ಮೇಲೆ ದನಿ ಬದಲಾಯಿತು. ಕವಚವಷ್ಟನ್ನೇ ನೋಡಿದ್ದೆವು ಅಂತ ಒಪ್ಪಿಕೊಂಡು, ಯಂತ್ರ ವಾಪಸು ಪಡೆಯುತ್ತೇವೆ ಅಂದರು. ನಾನು ಆಗಲಿ ಅನ್ನುವವನಿದ್ದೆ. ವೈನಿ ಬೇಡ ಅಂದರು. ವಾಪಸು ಕೊಟ್ಟರೆ ಮತ್ತೆ ಯಾರೋ ಹೆಸರು ಉಜ್ಜುತ್ತಾರೆ, ಅವರ ಪಟ್ಟಿಯಲ್ಲಿ ತಪ್ಪು ತಿದ್ದಲಿ ಸಾಕು ಅಂದರು. ತಿದ್ದಿದರು. ಈಗ ಅವರ ಜಾಲತಾಣದಲ್ಲಿ ಅದೇ ಫೋಟೋದ ಕೆಳಗೆ, ತಯಾರಿಸಿದವರು ಅನ್ನುವ ಕಡೆ ವಿಶಾಲಾಕ್ಷಿ, ಯಶವಂತನಗರ ಅಂತ ಇದೆ. ವೈನಿ ಸಾರಂಗವನ್ನು ಟೀಚರಿಗೇ ಕೊಡುತ್ತೇನೆ ಅಂದರು. ಮನೆಗೆ ಒಯ್ದರೆ ನನ್ನ ತಮ್ಮನ ಹೆಂಡತಿ ಮತ್ತೆ ಮೆಣಸಿನಕಾಯಿ ತುಂಬುತ್ತಾಳೆ, ಇಲ್ಲೇ ಇರಲಿ, ನಾನೇ ಬಂದು ನೋಡುತ್ತೇನೆ ಅಂದರು ಟೀಚರ್. ಬರುತ್ತಾರೆ ಕೂಡ.

ಆವತ್ತು ಊಟಕ್ಕೆ ಕೂತಾಗ ಟೀಚರ್ ಗೋಡೆಯ ಮೇಲಿನ ನಿನ್ನ ಫೋಟೋ ನೋಡಿ, ಯಜಮಾನರು ಎಂಥವರಿದ್ದರು ಅಂತ ಕೇಳಿದರು. ವೈನಿ ರೊಟ್ಟಿ ಬಡಿಸುತ್ತಿದ್ದವರು ನಿಂತರು.

“ಭಾಳ ಹಟದವ್ರು. ಒಂದು ಸಾಮಾನು ಮನಿಗೆ ಬಂತಂದ್ರ ಅದು ಎಲ್ಲಿಂದ ಬಂತು, ಯಾರ ಕೈಯಾಗಿಂದ ಬಂತು ಅಂತ ತಿಳಿಯೂತನ ಅವ್ರಿಗೆ ಉಂಡದ್ದು ಹತ್ತತಿರಲಿಲ್ಲ” ಅಂದರು.

ಇನ್ನು ಈ ವಾರದ ಸುದ್ದಿ, ನಿನಗೆ ಗೊತ್ತಾಗುವ ಯಾವ ದಾರಿಯೂ ಇರದ ಸುದ್ದಿ. ಮುಂಬಯಿಯವರು ತಿದ್ದಿದ ಪುಟವನ್ನು ಮೈಸೂರಿನಲ್ಲಿ ಒಬ್ಬರ ಮೊಮ್ಮಗಳು ನೋಡಿ ತನ್ನ ಅಜ್ಜಿಗೆ ತೋರಿಸಿದಳಂತೆ. ಆ ಅಜ್ಜಿ ಕಾರ್ಖಾನೆಯಲ್ಲಿ ಟೀಚರ್ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದವರು. ಫೋನಿನಲ್ಲಿ ಇಬ್ಬರೂ ಮಾತಾಡಿದ್ದಕ್ಕಿಂತ ಅತ್ತದ್ದೇ ಹೆಚ್ಚು. ಅವರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು ಸಿಕ್ಕಿದ್ದಾರೆ. ಸಾರಂಗದ ಬಗ್ಗೆ ಎಲ್ಲಿ ಬರೆದಿದ್ದರೂ ಅದರ ಮಾಲೀಕರ ಹೆಸರಿದೆ, ವಿನ್ಯಾಸ ಮಾಡಿದವರ ಹೆಸರಿದೆ. ಕೂತು ಕೈಯಾರೆ ಮಾಡಿದ ಈ ಹೆಣ್ಣುಮಕ್ಕಳನ್ನು ಯಾರೂ ಒಂದು ಮಾತು ಕೇಳಿಲ್ಲ. ಸುಗ್ಗಿಯ ಗಡಿಬಿಡಿ ಮುಗಿದ ಮೇಲೆ ಅವರೆಲ್ಲ ಕಂಪ್ಲಿಗೆ ಬರುತ್ತಿದ್ದಾರೆ. ಮಂಜುನಾಥ ಹೊಸಪೇಟೆ ಸ್ಟೇಷನ್ನಿಗೆ ಗಾಡಿ ಕಳಿಸುತ್ತಾನೆ. ಒಬ್ಬರಿಗೆ ಮೊಣಕಾಲು ನೋವಂತೆ, ಮೆಟ್ಟಿಲಿಗೆ ಹಿಡಿಗಂಬಿ ಹಾಕಿಸಲು ವೈನಿ ನಿನ್ನೆ ವೆಲ್ಡಿಂಗಿನವನಿಗೆ ಹೇಳಿದ್ದಾರೆ.

ನಾನು ಅವರನ್ನು ಸಾಲಾಗಿ ಕೂರಿಸುತ್ತೇನೆ, ಆಗ ಕೂರುತ್ತಿದ್ದ ಹಾಗೇ. ಯಾವ ಭಾಗ ಯಾರ ಕೈಯದು ಅಂತ ಒಬ್ಬೊಬ್ಬರನ್ನೇ ಕೇಳುತ್ತೇನೆ, ತೀರಿಕೊಂಡವರ ಭಾಗ ಯಾವುದಿತ್ತು ಅಂತಲೂ ಕೇಳುತ್ತೇನೆ. ಕೇಳಿದ್ದನ್ನೆಲ್ಲ ಸಾರಂಗದ ಪಕ್ಕದ ಗೋಡೆಗೆ ಬರೆಸುತ್ತೇನೆ. ಒಂದು ಹೆಸರೂ ಬಿಡುವುದಿಲ್ಲ, ಶರಣ.

ನಿನ್ನ
ಅನಂತ